ಡಿಸಿಸಿ ಟರ್ನ್‌ಟೇಬಲ್ ಕೈಕೊಟ್ಟಾಗ: ಫೇಸ್ ತಪ್ಪೋ, ಸಂಪರ್ಕ ತಪ್ಪೋ?

ಎಂಜಿನ್ ಸೇತುವೆ ಹತ್ತುತ್ತಿದ್ದಂತೆ ಇಡೀ ಲೇಔಟ್ ಕತ್ತಲಾಗುತ್ತದೆ. ಹತ್ತುವಾಗ ಸರಿಯಿದ್ದದ್ದು ತಿರುಗಿ ಇಳಿಯುವಾಗ ಶಾರ್ಟ್ ಆಗುತ್ತದೆ. ಐದು ಶೆಡ್ ಹಳಿಗಳಲ್ಲಿ ಸುಗಮವಾಗಿ ಓಡಿದ ಎಂಜಿನ್ ಆರನೆಯದರಲ್ಲಿ ಮಾತ್ರ ಹಟ ಹಿಡಿಯುತ್ತದೆ. ಡಿಸಿಸಿಯಲ್ಲಿ, ಅಂದರೆ ಹಳಿಯ ವಿದ್ಯುತ್ತಿನಲ್ಲೇ ಡಿಜಿಟಲ್ ಆಜ್ಞೆ ಕಳಿಸುವ ಪದ್ಧತಿಯಲ್ಲಿ, ಓಡುವ ಮಾದರಿ ರೈಲಿನ ಟರ್ನ್‌ಟೇಬಲ್ (ಗುಂಡಿಯೊಳಗೆ ತಿರುಗುವ ಸೇತುವೆಯಿಂದ ಎಂಜಿನನ್ನು ಸುತ್ತಲಿನ ಶೆಡ್ ಹಳಿಗಳಿಗೆ ತಿರುಗಿಸುವ ವ್ಯವಸ್ಥೆ) ಮೇಲಿನ ದೂರುಗಳ ಪಟ್ಟಿ ಹೀಗೆ ಬೆಳೆಯುತ್ತಲೇ ಹೋಗುತ್ತದೆ. ಬೇರಿಗೆ ಇಳಿದು ನೋಡಿದರೆ ಹೆಚ್ಚಿನವು ಎರಡರಲ್ಲೊಂದು: ಫೇಸ್ (ಎರಡು ತುಂಡು ಹಳಿಗಳ ಧ್ರುವತೆಯ ಹೊಂದಾಣಿಕೆ) ಅದಲುಬದಲಾಗಿದೆ, ಇಲ್ಲವೇ ಎಲ್ಲೋ ಸಂಪರ್ಕ ಕೆಟ್ಟಿದೆ. ಮೇಲುನೋಟಕ್ಕೆ ಎರಡೂ ಒಂದೇ ತರಹ ಕಾಣುತ್ತವೆ, ಪರಿಹಾರ ಮಾತ್ರ ಪೂರ್ತಿ ಬೇರೆ. ಆದ್ದರಿಂದ ಯಾವುದೆಂದು ಅಳೆದು ತಿಳಿಯುವವರೆಗೆ ಒಂದು ವೈರನ್ನೂ ಬಿಚ್ಚಬೇಡಿ. ಫೇಸನ್ನು ತಾನಾಗಿ ತಿರುವುವ ಆಟೋ ರಿವರ್ಸರ್ ಬದಲಿಸಿ, ಹಳಿಗೆ ಶಕ್ತಿ ಕೊಡುವ ಬೂಸ್ಟರ್ ಬದಲಿಸಿ, ಎಂಜಿನ್ ಒಳಗೆ ಆಜ್ಞೆ ಓದುವ ಡಿಕೋಡರ್ ರೀಸೆಟ್ ಮಾಡಿ, ಕೊನೆಗೆ ವೈಪರ್ (ಉಂಗುರದ ಮೇಲೆ ಜಾರುತ್ತಾ ವಿದ್ಯುತ್ ಒಯ್ಯುವ ಲೋಹದ ಪಟ್ಟಿ) ಕೆಳಗಿನ ಮಸಿ ಒರೆಸಿದರೆ ಸರಿಹೋಗುವಂಥ ದೋಷಕ್ಕೆ ಅಷ್ಟೆಲ್ಲ ಖರ್ಚು ಬೇಕಿಲ್ಲ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು ಒಂದು ಮಲ್ಟಿಮೀಟರ್, ಕಾರಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್ 21 ವ್ಯಾಟ್ ಬಲ್ಬ್, ಕ್ಲಿಪ್ ಹಾಕಿದ ಎರಡು ತುಂಡು ವೈರ್, ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಕಾಗದ ಮತ್ತು ಪೆನ್ನು. ಹಳಿಯಲ್ಲಿರುವುದು ಸಾಮಾನ್ಯವಾಗಿ 12ರಿಂದ 16 ವೋಲ್ಟ್, ಮುಟ್ಟಿದರೆ ಅಪಾಯವಿಲ್ಲ. ಆದರೆ ಬೂಸ್ಟರ್ 5 ಆಂಪಿಯರ್ ಕೊಡಬಲ್ಲದಾದರೆ ಆ ಶಕ್ತಿ ಸಣ್ಣ ವೈರಿನ ಪ್ಲಾಸ್ಟಿಕ್ ಕರಗಿಸಲು, ಗಾಲಿಯ ಹತ್ತಿರದ ಪ್ಲಾಸ್ಟಿಕ್ ಬಾಗಿಸಲು ಧಾರಾಳ ಸಾಕು. ಪರೀಕ್ಷೆಗೆಂದು ಶಾರ್ಟ್ ಮಾಡಿದಾಗ ಒಂದೆರಡು ಸೆಕೆಂಡಿನಲ್ಲಿ ಬ್ರೇಕರ್ ಬೀಳದಿದ್ದರೆ ತಕ್ಷಣ ಕೈ ತೆಗೆಯಿರಿ.

ಸತ್ತದ್ದು ಯಾವುದು?

ಮೊದಲ ಪ್ರಶ್ನೆ ಇದು. ಎಂಜಿನ್ ನಿಂತ ಕ್ಷಣದಲ್ಲಿ ಕಣ್ಣು ಎಂಜಿನ್ ಮೇಲಲ್ಲ, ಆಜ್ಞೆ ಕಳಿಸುವ ಕಮಾಂಡ್ ಸ್ಟೇಷನ್ ಅಥವಾ ಬ್ರೇಕರ್‌ನ ದೀಪದ ಮೇಲಿರಲಿ. ದೀಪ ಮಿನುಗಿ ಉಳಿದ ಎಂಜಿನ್‌ಗಳೂ ನಿಂತರೆ ಅದು ಶಾರ್ಟ್, ಅಂದರೆ ಬಹುಪಾಲು ಫೇಸಿನ ತಕರಾರು. ಬೇರೆಲ್ಲ ಓಡುತ್ತಿದ್ದು ಸೇತುವೆಯ ಮೇಲಿನದೊಂದೇ ನಿಂತರೆ ಅದು ಸಂಪರ್ಕದ ತಕರಾರು. ಸೌಂಡ್ ಡಿಕೋಡರ್ ಇರುವ ಎಂಜಿನ್ ಇಲ್ಲಿ ಒಳ್ಳೆಯ ಸಾಕ್ಷಿ: ಸದ್ದು ಕಡಿದು ಮತ್ತೆ ಸ್ಟಾರ್ಟ್ ಆಗುವ ಸದ್ದಿನಿಂದಲೇ ಶುರುವಾದರೆ ಡಿಕೋಡರ್‌ಗೆ ಒಂದು ಗಳಿಗೆ ವಿದ್ಯುತ್ ಪೂರ್ತಿ ತಪ್ಪಿತ್ತು ಎಂದರ್ಥ. ಸದ್ದು ಬರುತ್ತಲೇ ಇದ್ದು ಎಂಜಿನ್ ಚಲಿಸದಿದ್ದರೆ ವೈರಿಂಗ್ ಬಿಟ್ಟು ಗಾಲಿ, ಗೇರು, ಹಳಿಯ ಎತ್ತರ ನೋಡಿ.

ಫೇಸ್ ಯಾಕೆ ತಪ್ಪುತ್ತದೆ?

ಡಿಸಿಸಿ ಹಳಿಯಲ್ಲಿ ಖಾಯಂ ಪ್ಲಸ್, ಖಾಯಂ ಮೈನಸ್ ಎಂಬುದಿಲ್ಲ. ಎರಡು ಹಳಿಗಳ ಧ್ರುವತೆ ಸೆಕೆಂಡಿಗೆ ಸಾವಿರಾರು ಸಲ ಅದಲುಬದಲಾಗುತ್ತದೆ. '1' ಬಿಟ್‌ನ ಅರ್ಧ ಭಾಗ 58 ಮೈಕ್ರೋಸೆಕೆಂಡ್, '0' ಬಿಟ್‌ನ ಅರ್ಧ ಭಾಗ ಸುಮಾರು 100 ಮೈಕ್ರೋಸೆಕೆಂಡ್. ಎಂಜಿನ್ ಮುಂದೆ ಹೋಗಬೇಕೋ ಹಿಂದೆ ಹೋಗಬೇಕೋ ಎಂಬುದು ಈ ಬಿಟ್‌ಗಳಲ್ಲಿ ಬರೆದಿರುತ್ತದೆ, ಹಳಿಯ ಧ್ರುವತೆಯಲ್ಲಲ್ಲ. ಹಾಗಾಗಿ ಎಂಜಿನ್‌ಗೆ ಯಾವ ಹಳಿ ಯಾವುದಾದರೂ ಒಂದೇ.

ತೊಂದರೆ ಬರುವುದು ಎರಡು ತುಂಡು ಹಳಿಗಳು ಸೇರುವ ಸಂದಿನಲ್ಲಿ. ಒಂದು ಲೋಹದ ಗಾಲಿ ಸಂದು ದಾಟುವಾಗ ಆಚೆಯ ಹಳಿಯನ್ನೂ ಈಚೆಯ ಹಳಿಯನ್ನೂ ಒಟ್ಟಿಗೆ ಮುಟ್ಟುತ್ತದೆ. ಆ ಕ್ಷಣದಲ್ಲಿ ಎರಡೂ ಒಂದೇ ಫೇಸಿನಲ್ಲಿದ್ದರೆ ಏನೂ ಆಗದು, ವಿರುದ್ಧವಾಗಿದ್ದರೆ ಪೂರ್ತಿ ವೋಲ್ಟೇಜ್ ಆ ಗಾಲಿಯ ಮೂಲಕ ಶಾರ್ಟ್. ಸೇತುವೆ ಅರ್ಧ ಸುತ್ತು ತಿರುಗಿದರೆ ಎಡ ಹಳಿ ಬಲಕ್ಕೆ, ಬಲ ಹಳಿ ಎಡಕ್ಕೆ ಬರುತ್ತದಲ್ಲ! ಯಾರಾದರೂ ನಡುವೆ ಫೇಸ್ ತಿರುವಿ ಹಾಕಲೇಬೇಕು. ಆ ಕೆಲಸ ಮಾಡುವುದು ಗುಂಡಿಯ ಸ್ಪ್ಲಿಟ್ ರಿಂಗ್ (ಎರಡು ಅರ್ಧವಾಗಿ ಕತ್ತರಿಸಿದ ಉಂಗುರ) ಆಗಬಹುದು, ಕೋನ ನೋಡಿ ಬೀಳುವ ರಿಲೇ ಆಗಬಹುದು, ಶಾರ್ಟ್ ಕಂಡ ಕೂಡಲೇ ತಿರುಗುವ ಆಟೋ ರಿವರ್ಸರ್ ಆಗಬಹುದು, ಇಲ್ಲವೇ ಕೈಯಿಂದ ಒತ್ತುವ ಸ್ವಿಚ್ ಆಗಬಹುದು. ನಿಮ್ಮಲ್ಲಿರುವುದು ಯಾವುದು ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಹಳೆಯ ಟರ್ನ್‌ಟೇಬಲ್ ಕೊಂಡವರಿಗೆ ಒಳಗೆ ಸ್ಪ್ಲಿಟ್ ರಿಂಗ್ ಇರುವುದೇ ಗೊತ್ತಿರುವುದಿಲ್ಲ. ಅದರ ಮೇಲೆ ಇನ್ನೊಂದು ಆಟೋ ರಿವರ್ಸರ್ ಜೋಡಿಸಿ, ಒಂದೇ ಕೆಲಸಕ್ಕೆ ಎರಡೆರಡು ವ್ಯವಸ್ಥೆ ಮಾಡಿಟ್ಟಿರುತ್ತಾರೆ.

ಸಂದಿನಲ್ಲಿ ಅಳೆಯಿರಿ

ಇಡೀ ಪತ್ತೆಯಲ್ಲಿ ನಾನು ಹೆಚ್ಚು ನಂಬುವುದು ಈ ಅಳತೆಯನ್ನು. ಎಲ್ಲ ಎಂಜಿನ್‌ಗಳನ್ನು ತೆಗೆದಿಡಿ. ಸೇತುವೆಯನ್ನು ಒಂದು ಶೆಡ್ ಹಳಿಗೆ ಸರಿಯಾಗಿ ಕೂಡಿಸಿ, ಹಳಿಗೆ ವಿದ್ಯುತ್ ಕೊಡಿ, ಮೀಟರನ್ನು ಎಸಿ ವೋಲ್ಟ್‌ಗೆ ಇಡಿ. ಒಂದು ಪ್ರೋಬ್ ಸೇತುವೆಯ ಎಡ ಹಳಿಯ ತುದಿಗೆ, ಇನ್ನೊಂದು ಸಂದಿನಾಚೆಯ ಅದೇ ಸಾಲಿನ ಹಳಿಗೆ. ಸೊನ್ನೆಯ ಹತ್ತಿರ ತೋರಿಸಿದರೆ ಎರಡೂ ಒಂದೇ ಫೇಸು. ಹಳಿಯ ಪೂರ್ತಿ ವೋಲ್ಟೇಜ್ ತೋರಿಸಿದರೆ ವಿರುದ್ಧ ಫೇಸು. ಸಾಧಾರಣ ಮೀಟರುಗಳು 50 ಹರ್ಟ್ಸ್‌ನ ಮನೆಯ ಕರೆಂಟಿಗೆ ಹೊಂದಿಸಿದವು, ಡಿಸಿಸಿಯ ಚೌಕ ಅಲೆಗೆ ಅಲ್ಲ. ಹಾಗಾಗಿ 14 ವೋಲ್ಟ್ ಇರುವಲ್ಲಿ ನಿಮ್ಮ ಮೀಟರ್ ಬೇರೇನನ್ನೋ ತೋರಿಸಬಹುದು, ಚಿಂತೆಯಿಲ್ಲ. ಮುಖ್ಯ ಹಳಿಯಲ್ಲಿ ಅದೇ ಮೀಟರ್ ಏನು ತೋರಿಸುತ್ತದೋ ಅದನ್ನೇ 'ಪೂರ್ತಿ' ಎಂದು ಇಟ್ಟುಕೊಳ್ಳಿ.

ಈಗ ಅಡ್ಡ ಅಳೆಯಿರಿ: ಸೇತುವೆಯ ಎಡ ಹಳಿಯಿಂದ ಆಚೆಯ ಬಲ ಹಳಿಗೆ. ನೇರ ಅಳತೆ ಸೊನ್ನೆಯಿದ್ದರೆ ಅಡ್ಡ ಅಳತೆ ಪೂರ್ತಿ ಬರಬೇಕು. ನೇರವೂ ಸೊನ್ನೆ, ಅಡ್ಡವೂ ಸೊನ್ನೆ ಎಂದಾದರೆ ಎರಡರಲ್ಲಿ ಒಂದು ಕಡೆ ವಿದ್ಯುತ್ತೇ ಇಲ್ಲ, ಫೇಸಿನ ಮಾತು ಆಮೇಲೆ. ಮೂರೋ ನಾಲ್ಕೋ ವೋಲ್ಟ್‌ನಂಥ ನಡುವಿನ ಅಂಕಿ ತೋರಿಸಿದರೂ ಅದೇ ಕಥೆ. ಎಲ್ಲಿಗೂ ಕೂಡದ ಹಳಿ ಪಕ್ಕದ ವೈರಿನಿಂದ ಒಂದಿಷ್ಟು ಸಂಕೇತ ಹಿಡಿದು ಮೀಟರನ್ನು ಮೋಸಗೊಳಿಸುತ್ತಿರುತ್ತದೆ. ಬಲ್ಬ್ ಹಚ್ಚಿ ನೋಡಿದರೆ ಆ ವೋಲ್ಟೇಜ್ ಮಾಯ.

ಪ್ರತಿ ಶೆಡ್ ಹಳಿಗೂ ಹೀಗೆ ಅಳೆದು, ಸೇತುವೆಯ ಎರಡೂ ತುದಿಗಳಿಗೆ ಬೇರೆಬೇರೆಯಾಗಿ, ಕಾಗದದ ಮೇಲೆ ಬರೆಯುತ್ತಾ ಹೋಗಿ. ಸ್ವಲ್ಪ ಹೊತ್ತಿನ ಕೆಲಸ, ಆದರೆ ಉತ್ತರ ಆ ಪಟ್ಟಿಯಲ್ಲೇ ಇರುತ್ತದೆ. ಎಲ್ಲವೂ ತಪ್ಪಾಗಿದ್ದರೆ ಸೇತುವೆಗೆ ಹೋಗುವ ಎರಡು ವೈರುಗಳನ್ನು ಒಂದೇ ಜಾಗದಲ್ಲಿ ಅದಲುಬದಲು ಮಾಡಿದರೆ ಮುಗಿಯಿತು. ಒಂದೇ ಹಳಿ ತಪ್ಪಾಗಿದ್ದರೆ ಅದಕ್ಕೆ ವಿದ್ಯುತ್ ತರುವ ಫೀಡರ್ ವೈರುಗಳನ್ನು ಅದಲುಬದಲಾಗಿ ಬೆಸೆದಿದ್ದೀರಿ. ಒಂದು ತುದಿಗೆ ಎಲ್ಲ ಸರಿಯಿದ್ದು ಇನ್ನೊಂದು ತುದಿ ಬಂದಾಗ ಎಲ್ಲವೂ ತಪ್ಪಾದರೆ ಫೇಸ್ ತಿರುವುವ ವ್ಯವಸ್ಥೆಯೇ ಕೆಲಸ ಮಾಡುತ್ತಿಲ್ಲ. ಅಕ್ಕಪಕ್ಕದ ಒಂದೆರಡು ಹಳಿಗಳಷ್ಟೇ ತಪ್ಪಾಗಿದ್ದರೆ ಫೇಸ್ ಬದಲಾಗುವ ಗೆರೆ ಜಾಗ ತಪ್ಪಿದೆ.

ಒಂದು ಎಚ್ಚರ. ಆಟೋ ರಿವರ್ಸರ್ ಇರುವವರಿಗೆ ಈ ಅಳತೆ ನೇರವಾಗಿ ಹೊಂದುವುದಿಲ್ಲ. ಅದು ಶಾರ್ಟ್ ಆದಾಗ ಮಾತ್ರ ತಿರುಗುತ್ತದೆ, ಆಮೇಲೆ ಇದ್ದಲ್ಲೇ ಇರುತ್ತದೆ. ಆದ್ದರಿಂದ ಎಂಜಿನ್ ಬರುವ ಮುಂಚೆ ವಿರುದ್ಧ ಫೇಸ್ ತೋರಿಸಿದರೆ ಅದು ದೋಷವಲ್ಲ. ತುಂಡು ವೈರಿನಿಂದ ಸಂದನ್ನು ಒಂದು ಕ್ಷಣ ಕೂಡಿಸಿ, ತೆಗೆದು, ಮತ್ತೆ ಅಳೆಯಿರಿ. ಈಗ ಸೊನ್ನೆ ಬಂದರೆ ರಿವರ್ಸರ್ ತನ್ನ ಕೆಲಸ ಮಾಡಿದೆ.

ಸ್ಪ್ಲಿಟ್ ರಿಂಗ್ ಇದ್ದರೆ

ಗುಂಡಿಯ ಉಂಗುರವನ್ನು ಪೂರ್ವ-ಪಶ್ಚಿಮ ಗೆರೆಯಲ್ಲಿ ಕತ್ತರಿಸಿ ಉತ್ತರದ ಅರ್ಧಕ್ಕೆ ಒಂದು ಫೇಸು, ದಕ್ಷಿಣದ ಅರ್ಧಕ್ಕೆ ಇನ್ನೊಂದು ಫೇಸು ಕೊಟ್ಟಿದೆ ಎಂದುಕೊಳ್ಳಿ. ಸೇತುವೆಯ ಒಂದು ಹಳಿ ಒಂದು ತುದಿಯ ವೈಪರ್‌ಗೆ, ಇನ್ನೊಂದು ಹಳಿ ಇನ್ನೊಂದು ತುದಿಯದಕ್ಕೆ ಸೇರಿರುತ್ತದೆ. ತುದಿಗಳು ಕತ್ತರಿಸಿದ ಗೆರೆ ದಾಟುತ್ತಿದ್ದಂತೆ ಫೇಸ್ ತಾನಾಗಿ ತಿರುಗುತ್ತದೆ. ಇಲ್ಲಿ ಬಹಳ ಮಂದಿ ಎಡವುವುದು ಶೆಡ್ ಹಳಿಗಳ ವೈರಿಂಗ್‌ನಲ್ಲಿ. ನಡುವೆ ನಿಂತು ಹೊರಗೆ ನೋಡಿದಂತೆ ಎಲ್ಲ ಹಳಿಗಳಿಗೂ 'ಬಲಗಡೆ ಕೆಂಪು, ಎಡಗಡೆ ಕಪ್ಪು' ಎಂದು ಬೆಸೆದುಬಿಡುತ್ತಾರೆ. ಅದು ತಪ್ಪು. ಉತ್ತರದ ಹಳಿಗಳಿಗೆ ಬಲಕ್ಕೆ ಕೆಂಪಾದರೆ ದಕ್ಷಿಣದವಕ್ಕೆ ಎಡಕ್ಕೆ ಕೆಂಪು ಬರಬೇಕು. ಹೀಗಿದ್ದಾಗ ಮಾತ್ರ ಎದುರುಬದುರಿನ ಎರಡು ಹಳಿಗಳನ್ನು ಒಂದು ಉದ್ದ ಗೆರೆಯಂತೆ ನೋಡಿದರೆ ಕೆಂಪು ಒಂದೇ ಬದಿಯಲ್ಲಿ ನಿಲ್ಲುತ್ತದೆ. ಕತ್ತರಿಸಿದ ಗೆರೆಯ ಆಚೀಚೆಯ ಹಳಿಗಳ ಬಣ್ಣ ಮಾತ್ರ ಅಕ್ಕಪಕ್ಕದಲ್ಲೇ ಅದಲುಬದಲಾಗಿ ಕಾಣುತ್ತದೆ, ಅದು ಸರಿಯೇ.

ಗೆರೆಯ ಮೇಲೆಯೇ ಯಾವ ಹಳಿಯೂ ಇರಕೂಡದು. ಇದ್ದರೆ ಉಂಗುರವನ್ನೇ ಸ್ವಲ್ಪ ತಿರುಗಿಸಿ ಕೂರಿಸಿ. ಇನ್ನೊಂದು ಅಳತೆ ನೋಡಿ: ಕತ್ತರಿಸಿದ ಸಂದು ವೈಪರ್‌ನ ಮೈಗಿಂತ ಅಗಲವಾಗಿರಬೇಕು. ಕಡಿಮೆಯಿದ್ದರೆ ವೈಪರ್ ಎರಡೂ ಅರ್ಧಗಳನ್ನು ಒಟ್ಟಿಗೆ ತಬ್ಬಿ, ಮೇಲೆ ಎಂಜಿನ್ ಇಲ್ಲದಿದ್ದರೂ ಪ್ರತಿ ಅರ್ಧ ಸುತ್ತಿಗೊಮ್ಮೆ ಬ್ರೇಕರ್ ಬೀಳುತ್ತದೆ. ಖಾಲಿ ಸೇತುವೆ ತಿರುಗುವಾಗ ಒಂದೇ ಜಾಗದಲ್ಲಿ ಟ್ರಿಪ್ ಆಗುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ.

ಆಟೋ ರಿವರ್ಸರ್‌ನ ಲೆಕ್ಕ

ರಿವರ್ಸರ್ ನೋಡುವುದು ಕರೆಂಟನ್ನು. ಹೊಂದಿಸಿದ ಮಿತಿ ಮೀರಿದರೆ ಫೇಸ್ ತಿರುವುತ್ತದೆ. ಅದು ಬ್ರೇಕರ್‌ಗಿಂತ ಮೊದಲು ಎಚ್ಚೆತ್ತುಕೊಳ್ಳಬೇಕು. ಕಮಾಂಡ್ ಸ್ಟೇಷನ್ 2 ಆಂಪಿಯರ್‌ಗೇ ಕೈಚೆಲ್ಲುವಂಥದ್ದಾಗಿ, ರಿವರ್ಸರ್ 4 ಆಂಪಿಯರ್‌ಗೆ ಹೊಂದಿಸಿದ್ದರೆ ರಿವರ್ಸರ್‌ಗೆ ಅವಕಾಶವೇ ಸಿಗದು. ಇದನ್ನು ಮಿತಿ ತಗ್ಗಿಸಿ ಸರಿಪಡಿಸಬಹುದು.

ಇದಕ್ಕಿಂತ ಮೋಸದ ದೋಷ ಇನ್ನೊಂದಿದೆ. ಹಳಿಯಲ್ಲಿ 14 ವೋಲ್ಟ್, ರಿವರ್ಸರ್ ಮಿತಿ 3 ಆಂಪಿಯರ್ ಎನ್ನೋಣ. 14ನ್ನು 3ರಿಂದ ಭಾಗಿಸಿದರೆ ಸುಮಾರು 4.7 ಓಮ್. ವೈರು, ಸ್ಲಿಪ್ ರಿಂಗ್ (ತಿರುಗುವ ಸೇತುವೆಗೆ ವಿದ್ಯುತ್ ದಾಟಿಸುವ ಉಂಗುರ), ವೈಪರ್, ಗಾಲಿ ಎಲ್ಲ ಸೇರಿ ಪ್ರತಿರೋಧ ಇದಕ್ಕಿಂತ ಹೆಚ್ಚಾದರೆ ಪೂರ್ತಿ ಶಾರ್ಟ್ ಆದರೂ ಕರೆಂಟ್ 3 ಆಂಪಿಯರ್ ಮುಟ್ಟುವುದಿಲ್ಲ. ಕೊಳೆ ಹಿಡಿದ ವೈಪರ್‌ನಿಂದ 5 ಓಮ್ ಆಗಿದ್ದರೆ ಹರಿಯುವುದು 2.8 ಆಂಪಿಯರ್, ಹುಟ್ಟುವ ಬಿಸಿ ಸುಮಾರು 39 ವ್ಯಾಟ್. ರಿವರ್ಸರ್ ಸುಮ್ಮನಿರುತ್ತದೆ, ಬ್ರೇಕರ್ ಸುಮ್ಮನಿರುತ್ತದೆ, ಎಂಜಿನ್ ಸಂದಿನಲ್ಲಿ ನಿಂತಿರುತ್ತದೆ, ವೈಪರ್ ಮಾತ್ರ ಸುಡುತ್ತಿರುತ್ತದೆ. ಸಂಪರ್ಕದ ದೋಷ ಫೇಸ್ ದೋಷದ ವೇಷ ಹಾಕಿ ಬರುವುದು ಹೀಗೆ. ಪ್ರತಿ ಶೆಡ್ ಹಳಿಯಲ್ಲೂ ಸೇತುವೆಯ ಮೇಲೂ ಒಂದು ನಾಣ್ಯದಿಂದ ಎರಡು ಹಳಿಗಳನ್ನು ಕೂಡಿಸಿ ನೋಡಿ, ಬ್ರೇಕರ್ ತಡವಿಲ್ಲದೆ ಬೀಳಬೇಕು. ಬೀಳದಿದ್ದರೆ ಮಿತಿ ತಗ್ಗಿಸಬೇಡಿ, ಪ್ರತಿರೋಧ ಹುಡುಕಿ.

ಸೌಂಡ್ ಎಂಜಿನ್‌ಗಳು, ಅದರಲ್ಲೂ ದೊಡ್ಡ ಕೆಪಾಸಿಟರ್ ಇಟ್ಟುಕೊಂಡವು, ವಿದ್ಯುತ್ ಸಿಕ್ಕ ಕ್ಷಣ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತವೆ. ರಿವರ್ಸರ್ ಅದನ್ನೇ ಶಾರ್ಟ್ ಎಂದು ತಿಳಿದು ತಿರುಗುತ್ತದೆ, ಮತ್ತೆ ತಿರುಗುತ್ತದೆ, ರಿಲೇ ಇದ್ದರೆ ಟಕಟಕ ಸದ್ದು ಕೇಳುತ್ತದೆ. ಕೆಪಾಸಿಟರ್ ಇಲ್ಲದ ಎಂಜಿನ್ ಸಲೀಸಾಗಿ ದಾಟಿದರೆ ಕಾರಣ ಇದೇ.

ಎರಡು ರಿವರ್ಸರ್‌ಗಳು ಒಂದಕ್ಕೊಂದು ತಾಗಿಕೊಂಡಿರಬಾರದು. ಟರ್ನ್‌ಟೇಬಲ್‌ಗೆ ಬರುವ ಹಳಿಯೇ ಒಂದು ಲೂಪಿನ ಭಾಗವಾಗಿದ್ದು ಅದಕ್ಕೂ ರಿವರ್ಸರ್ ಇದ್ದರೆ, ಸಂದಿನಲ್ಲಿ ಎರಡೂ ಒಟ್ಟಿಗೆ ತಿರುಗಿ ಮತ್ತೆ ವಿರುದ್ಧವಾಗಿಯೇ ಉಳಿಯಬಹುದು. ನಡುವೆ ನಿಮ್ಮ ಅತಿ ಉದ್ದದ ಎಂಜಿನ್ ಪೂರ್ತಿ ಹಿಡಿಸುವಷ್ಟು ಖಾಯಂ ಫೇಸಿನ ಹಳಿ ಬಿಡಿ. ಇದೇ ಕಾರಣಕ್ಕೆ ಎಂಜಿನ್‌ನ ಗಾಲಿಗಳು ಸೇತುವೆಯ ಎರಡೂ ತುದಿಯ ಸಂದುಗಳನ್ನು ಏಕಕಾಲಕ್ಕೆ ಮುಟ್ಟುವಂತಿದ್ದರೆ, ಎದುರುಬದುರಿನ ಹಳಿಗಳ ಫೇಸು ಹೊಂದಿರಲೇಬೇಕು. ಇಲ್ಲವಾದರೆ ರಿವರ್ಸರ್ ಯಾವ ಕಡೆ ತಿರುಗಿದರೂ ಇನ್ನೊಂದು ತುದಿಯಲ್ಲಿ ಶಾರ್ಟ್ ಉಳಿಯುತ್ತದೆ.

ನನ್ನ ಮಟ್ಟಿಗೆ, ಹೊಸದಾಗಿ ಕಟ್ಟುವವರು ಆಟೋ ರಿವರ್ಸರ್ ಬದಲು ಕೋನ ನೋಡಿ ಬೀಳುವ ರಿಲೇಯನ್ನೇ ಆರಿಸಿಕೊಳ್ಳುವುದು ಮೇಲು. ಸೇತುವೆ ಎಲ್ಲಿದೆ ಎಂಬುದು ಮೋಟಾರಿನ ನಿಯಂತ್ರಕಕ್ಕೆ ಹೇಗೂ ಗೊತ್ತಿರುತ್ತದೆ. ಶಾರ್ಟ್ ಆಗುವವರೆಗೆ ಕಾದು ಆಮೇಲೆ ತಿದ್ದುವುದೇಕೆ? ಡಿಸಿಸಿ-ಇಎಕ್ಸ್ ಎಂಬ ಮುಕ್ತ ತಂತ್ರಾಂಶ ಯೋಜನೆಯ ಇಎಕ್ಸ್-ಟರ್ನ್‌ಟೇಬಲ್ ಮಾಡುವುದೂ ಇದನ್ನೇ, ಗೊತ್ತುಪಡಿಸಿದ ಕೋನದಲ್ಲಿ ರಿಲೇಯಿಂದ ಫೇಸ್ ತಿರುವುತ್ತದೆ. ಇದಕ್ಕೂ ಅದರದೇ ಒಂದು ದೋಷವಿದೆ: ಲೇಔಟ್ ಆನ್ ಮಾಡಿದಾಗ ರಿಲೇ ಮೊದಲ ಸ್ಥಿತಿಯಲ್ಲಿರುತ್ತದೆ, ಸೇತುವೆ ಮಾತ್ರ ಹಿಂದಿನ ಸಲ ಬಿಟ್ಟ ಕೋನದಲ್ಲಿರುತ್ತದೆ. ಆನ್ ಮಾಡಿದ ಹೊಸದರಲ್ಲಿ ಶಾರ್ಟ್, ಒಂದು ಸುತ್ತು ತಿರುಗಿದ ಮೇಲೆ ಎಲ್ಲ ಸರಿ ಎಂಬ ದೂರಿನ ಮೂಲ ಇದು. ಹೋಮ್ ಸ್ಥಾನ (ಕೋನದ ಲೆಕ್ಕ ಶುರುವಾಗುವ ಜಾಗ) ಹುಡುಕಿ ಮುಗಿಯುವವರೆಗೆ ಸೇತುವೆಯ ಹಳಿಗೆ ವಿದ್ಯುತ್ ಕೊಡದಿದ್ದರೆ ಆಯಿತು.

ಬಲ್ಬ್ ಹಿಡಿದು ಸಂಪರ್ಕ ನೋಡುವುದು

ವಿದ್ಯುತ್ ಆಫ್ ಮಾಡಿ ಕಂಟಿನ್ಯೂಟಿ ನೋಡಿದರೆ 'ಬೀಪ್' ಬರುತ್ತದೆ, ಸರಿಯಿದೆ ಎಂದು ನಂಬುತ್ತೇವೆ. ಮೀಟರ್ ಹರಿಸುವುದು ಅತಿ ಸಣ್ಣ ಕರೆಂಟು, ಒಂದು ಎಳೆ ಉಳಿದ ವೈರು ಕೂಡ ಅದಕ್ಕೆ ಸಾಕು. ಭಾರ ಹಾಕಿ ನೋಡಬೇಕು. 21 ವ್ಯಾಟ್‌ನ ಬಲ್ಬನ್ನು ಸೇತುವೆಯ ಎರಡು ಹಳಿಗಳಿಗೆ ಕ್ಲಿಪ್ ಹಾಕಿ ಹಚ್ಚಿ. ತಣ್ಣಗಿರುವ ತಂತಿ ಮೊದಲ ಗಳಿಗೆ ಹೆಚ್ಚು ಕರೆಂಟ್ ಎಳೆಯುವುದರಿಂದ ರಿವರ್ಸರ್ ಒಮ್ಮೆ ಟಕ್ ಎಂದರೆ ಗಾಬರಿಯಾಗಬೇಡಿ. ಬಲ್ಬ್ ಉರಿಯತೊಡಗಿದ ಮೇಲೆ ಹೆಚ್ಚುಕಡಿಮೆ 2 ಆಂಪಿಯರ್ ಹರಿಯುತ್ತದೆ.

ಕೋಣೆಯ ದೀಪ ತಗ್ಗಿಸಿ ಸೇತುವೆಯನ್ನು ನಿಧಾನಕ್ಕೆ ತಿರುಗಿಸಿ. ಬಲ್ಬಿನ ತಂತಿಯನ್ನೇ ನೋಡುತ್ತಿರಿ. ಬಿಳಿಯಾಗಿದ್ದದ್ದು ಒಂದು ಜಾಗದಲ್ಲಿ ಹಳದಿಗೆ ಇಳಿಯುತ್ತದೆ, ಇನ್ನೊಂದೆಡೆ ಕೆಂಪಾಗಿ ಮಿನುಗುತ್ತದೆ. ಆ ಕೋನದಲ್ಲಿ ನಿಲ್ಲಿಸಿ ಉಂಗುರದ ಮೇಲೆ ಗುರುತು ಹಾಕಿ. ಬಿಚ್ಚಿ ನೋಡಿದರೆ ಅಲ್ಲೇ ಕಪ್ಪು ಪುಡಿ ಕೂತಿರುತ್ತದೆ, ಅಥವಾ ಉಂಗುರ ಅಲ್ಲಿ ಕೂದಲೆಳೆಯಷ್ಟು ತಗ್ಗಿದ್ದು ವೈಪರ್ ತೇಲುತ್ತಿರುತ್ತದೆ. ಎಲ್ಲ ಕೋನದಲ್ಲೂ ಒಂದೇ ಸಮನೆ ಮಂಕಾಗಿದ್ದರೆ ಉಂಗುರ ಬಿಟ್ಟು ವೈರು ಮತ್ತು ಬೆಸುಗೆಗಳ ಕಡೆ ಹೋಗಿ. ಬಲ್ಬ್ ಉರಿಯುತ್ತಿರುವಾಗಲೇ ಫೀಡರ್ ಬುಡದಲ್ಲೂ ಸೇತುವೆಯ ಹಳಿಯಲ್ಲೂ ವೋಲ್ಟೇಜ್ ಅಳೆದು ಕಳೆಯಿರಿ. 2 ಆಂಪಿಯರ್‌ಗೆ 1 ವೋಲ್ಟ್ ಬಿದ್ದರೆ ನಡುವೆ ಅರ್ಧ ಓಮ್ ಇದೆ. ನಾನು ಅಷ್ಟರವರೆಗೆ ಒಪ್ಪುತ್ತೇನೆ, ಅದಕ್ಕಿಂತ ಹೆಚ್ಚಾದರೆ ಬಿಡುವುದಿಲ್ಲ.

ಉಂಗುರವನ್ನು ಆಲ್ಕೊಹಾಲ್ ಅದ್ದಿದ ನೂಲು ಉದುರದ ಬಟ್ಟೆಯಿಂದ ಒರೆಸಿ. ಎಮರಿ ಕಾಗದದಿಂದ ಉಜ್ಜಬೇಡಿ. ಅದು ಬಿಡುವ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ, ಕಿಡಿ ಹೆಚ್ಚುತ್ತದೆ. ವೈಪರ್‌ನ ಒತ್ತಡ ಕಡಿಮೆಯಾಗಿದ್ದರೆ ಬುಡದಿಂದ ಮೆಲ್ಲಗೆ ಬಾಗಿಸಿ, ತುದಿಯಿಂದ ಬಾಗಿಸಿದರೆ ಮೊನೆ ಉಂಗುರವನ್ನು ಕೆರೆಯುತ್ತದೆ. 3.5 ಮಿಲಿಮೀಟರ್‌ನ ಇಯರ್‌ಫೋನ್ ಜಾಕನ್ನೇ ಸ್ಲಿಪ್ ರಿಂಗ್ ಆಗಿ ಬಳಸುವ ಜಾಣತನ ಚಾಲ್ತಿಯಲ್ಲಿದೆ. ಸಣ್ಣ ಎಂಜಿನ್‌ಗಳಿಗೆ ನಡೆಯುತ್ತದೆ, ಆದರೆ ಶಾರ್ಟ್ ಆದಾಗಿನ ಕರೆಂಟನ್ನು ಹೊರುವಷ್ಟು ಮೈ ಅದಕ್ಕಿಲ್ಲ, ವಿದ್ಯುತ್ ಇರುವಾಗ ಎಳೆದು ಹಾಕಿದರೆ ಒಳಗೇ ಶಾರ್ಟ್ ಆಗುತ್ತದೆ.

ನಿಜವಾದ ಶಾರ್ಟ್ ಎಂಬುದೂ ಇರುತ್ತದೆ. ಸೇತುವೆಯ ಹಳಿಯ ತುದಿ ಶೆಡ್ ಹಳಿಗೆ ತಾಗಿಕೊಂಡಿರುವುದು ಸಾಮಾನ್ಯ. ಸಂದಿನಲ್ಲಿ ಒಂದು ಕಾಗದದ ಚೂರು ತೂರಬೇಕು, ತೂರದಿದ್ದರೆ ಸಣ್ಣ ಅರದಿಂದ ತುದಿ ಸವೆಸಿ. ನಡುವಿನ ಲೋಹದ ಕಂಬಕ್ಕೆ ಹಳಿಯ ವೈರು ತಾಗಿದೆಯೇ ಎಂಬುದನ್ನೂ ನೋಡಿ. ಈ ಕಂಟಿನ್ಯೂಟಿ ಪರೀಕ್ಷೆಗೆ ಫೀಡ್ ವೈರುಗಳನ್ನು ಬಿಚ್ಚಿರಬೇಕು, ಇಲ್ಲವಾದರೆ ರಿವರ್ಸರ್ ಒಳಗಿನ ಸರ್ಕ್ಯೂಟನ್ನು ಅಳೆದಂತಾಗುತ್ತದೆ.

ಎಂಜಿನ್ ತಾನಾಗಿ ಓಡಿದರೆ

ಸಂದು ದಾಟುವಾಗ ವಿದ್ಯುತ್ ಕಡಿದು, ಮರಳಿದ ಕೂಡಲೇ ಎಂಜಿನ್ ಪೂರ್ತಿ ವೇಗದಲ್ಲಿ ನುಗ್ಗಿದರೆ ಡಿಕೋಡರ್ ಡಿಸಿಸಿ ಸಂಕೇತವನ್ನು ಮಾಮೂಲಿ ಡಿಸಿ ಎಂದು ತಿಳಿದಿದೆ. ಡಿಕೋಡರ್‌ನ ಹೊಂದಿಕೆಗಳಲ್ಲೊಂದಾದ ಸಿವಿ 29ರಲ್ಲಿ 4ರ ಬೆಲೆಯ ಬಿಟ್ ಇದಕ್ಕೆ ಅನುಮತಿ ಕೊಡುತ್ತದೆ. ಅದನ್ನು ಕಳೆಯಿರಿ: 6 ಇದ್ದರೆ 2 ಮಾಡಿ, 38 ಇದ್ದರೆ 34. ಗುಂಡಿಯ ಅಂಚಿನಲ್ಲಿ ಓಡಾಡುವ ಎಲ್ಲ ಎಂಜಿನ್‌ಗಳಿಗೂ ಇದನ್ನು ಮೊದಲೇ ಮಾಡಿಡಿ. ಸೇತುವೆ ಎದುರಿಗಿಲ್ಲದಾಗ ನುಗ್ಗಿದ ಎಂಜಿನ್ ಬೀಳುವುದು ಗುಂಡಿಗೇ.

ಮೋಟಾರಿನ ಕಡೆ

ತಿರುಗಿಸುವ ಮೋಟಾರಿನ ಡಿಕೋಡರ್ ಅಥವಾ ನಿಯಂತ್ರಕಕ್ಕೆ ಹಳಿಯಿಂದ ವಿದ್ಯುತ್ ಕೊಡಬೇಡಿ, ಬೇರೆ ಪವರ್ ಸಪ್ಲೈ ಇರಲಿ. ಇಲ್ಲವಾದರೆ ಶಾರ್ಟ್ ಆದಾಗ ಸೇತುವೆಯೂ ಅರ್ಧದಾರಿಯಲ್ಲಿ ನಿಲ್ಲುತ್ತದೆ, ಸ್ಥಾನದ ಲೆಕ್ಕವೂ ತಪ್ಪುತ್ತದೆ.

ಹಳಿ ಸಾಲು ತಪ್ಪಿದರೆ ಗಾಲಿ ಎಗರಿ ಸಂಪರ್ಕ ಕಡಿಯುತ್ತದೆ, ಅದನ್ನು ವೈರಿಂಗ್ ದೋಷವೆಂದು ಹುಡುಕುತ್ತಾ ಕೂರುವುದುಂಟು. 300 ಮಿಲಿಮೀಟರ್ ವ್ಯಾಸದ ಗುಂಡಿಯ ಸುತ್ತಳತೆ ಸುಮಾರು 942 ಮಿಲಿಮೀಟರ್. ಸುತ್ತಿಗೆ 200 ಹೆಜ್ಜೆ ಇಡುವ ಸ್ಟೆಪ್ಪರ್ ಮೋಟಾರನ್ನು ನೇರವಾಗಿ ಕೂಡಿಸಿದರೆ ಒಂದು ಹೆಜ್ಜೆಗೆ ಅಂಚಿನಲ್ಲಿ 4.7 ಮಿಲಿಮೀಟರ್ ಸರಿಯುತ್ತದೆ. ಹೆಜ್ಜೆಯನ್ನು 16 ಭಾಗ ಮಾಡಿದರೆ 0.3 ಮಿಲಿಮೀಟರ್‌ಗೆ ಇಳಿಯುತ್ತದೆ. ಆದರೆ ಬಿಸಿಯಾಗುತ್ತದೆಂದು ನಿಂತಮೇಲೆ ಮೋಟಾರಿನ ಕರೆಂಟ್ ಕಡಿದರೆ ಅದು ಹತ್ತಿರದ ಪೂರ್ಣ ಹೆಜ್ಜೆಗೆ ಜಾರುತ್ತದೆ, ಹಳಿ ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಕರೆಂಟ್ ಉಳಿಸಿಕೊಳ್ಳಿ, ಅಥವಾ ಗೇರ್ ಹಾಕಿ. ಗೇರ್ ಹಾಕಿದರೆ ಹಲ್ಲುಗಳ ಸಡಿಲ ಬರುತ್ತದೆ, ಆಗ ಪ್ರತಿ ಹಳಿಗೂ ಒಂದೇ ದಿಕ್ಕಿನಿಂದ ಬಂದು ನಿಲ್ಲುವಂತೆ ಮಾಡಬೇಕು.

ಹೋಮ್ ಸ್ಥಾನ ದಿನದಿಂದ ದಿನಕ್ಕೆ ಬದಲಾಗುತ್ತಿದ್ದರೆ ಆಯಸ್ಕಾಂತದಿಂದ ಹೋಮ್ ಗುರುತಿಸುವ ಹಾಲ್ ಸೆನ್ಸರ್‌ನ ವೈರು ಡಿಸಿಸಿ ವೈರಿನ ಜೊತೆಗೇ ಕಟ್ಟಿದೆಯೇ ನೋಡಿ. ಚೌಕ ಅಲೆಯ ಚೂಪು ಅಂಚುಗಳು ಸೆನ್ಸರ್ ವೈರಿಗೆ ಸುಳ್ಳು ಸಂಕೇತ ತುಂಬುತ್ತವೆ. ಎರಡನ್ನೂ ಬೇರ್ಪಡಿಸಿ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿ, ಸೆನ್ಸರ್ ಬುಡದಲ್ಲಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆಯಿರಿ. ಎ3144ನಂಥ ಸೆನ್ಸರ್‌ಗೆ ಪುಲ್-ಅಪ್ ರೆಸಿಸ್ಟರ್ (ಸಂಕೇತದ ವೈರನ್ನು ಸಪ್ಲೈ ವೋಲ್ಟೇಜ್‌ಗೆ ಎಳೆದಿಡುವಂಥದ್ದು) ಬೇಕೇ ಬೇಕು, 10 ಕಿಲೋಓಮ್ ಸಾಕು. ಅದು ಆನ್ ಆಗುವ ಜಾಗವೂ ಆಫ್ ಆಗುವ ಜಾಗವೂ ಬೇರೆ, ಹಾಗಾಗಿ ಹೋಮ್ ಹುಡುಕುವ ದಿಕ್ಕೂ ಯಾವಾಗಲೂ ಒಂದೇ ಇರಲಿ.

ಎಲ್ಲ ಸರಿಪಡಿಸಿದ ಮೇಲೆ ನಾಣ್ಯದ ಪರೀಕ್ಷೆಯನ್ನು ಪ್ರತಿ ಹಳಿಯಲ್ಲೂ ಮತ್ತೊಮ್ಮೆ ಮಾಡಿ. ಬಳಿಕ ನಿಮ್ಮಲ್ಲಿನ ಅತಿ ಉದ್ದದ ಎಂಜಿನನ್ನು ಅತಿ ನಿಧಾನದ ವೇಗದಲ್ಲಿ ಪ್ರತಿ ಹಳಿಯಿಂದ ಹತ್ತಿಸಿ, ಅರ್ಧ ಸುತ್ತು ತಿರುಗಿಸಿ, ಅದೇ ಹಳಿಗೆ ಇಳಿಸಿ. ಸೇತುವೆಯ ಎರಡೂ ತುದಿಗಳ ಅಳತೆ ಬರೆದ ಕಾಗದವನ್ನು ಮೇಜಿನ ಕೆಳಗೆ, ವೈರುಗಳ ಬಣ್ಣದ ಗುರುತಿನ ಜೊತೆ ಅಂಟಿಸಿಡಿ. ಮುಂದೆ ಒಂದು ಶೆಡ್ ಹಳಿ ಸೇರಿಸುವಾಗ ಅದು ಗೆರೆಯ ಯಾವ ಬದಿಗೆ ಬರುತ್ತದೆ ಎಂದು ಅಲ್ಲೇ ನೋಡಿ ಬೆಸೆಯಬಹುದು.